ಮೂರು ಗುಂಡಿ ಒತ್ತಿಯೇ ಹೊರಗೆ ಬನ್ನಿ

ಕಾಸರಗೋಡು: ಲೋಕಸಭೆ, ವಿಧಾನಸಭೆಗಳಿಗೆ ಮತ ಹಾಕುವುದು ನಮ್ಮವರಿಗೆ ಹೊಸತಲ್ಲ. ಒಳಗೆ ಹೋದೆವು, ಒಂದು ಗುಂಡಿ ಒತ್ತಿದೆವು, ಬಂದೆವು. ಪಂಚಾಯತು ಚುನಾವಣೆ ಹಾಗಲ್ಲ. ಕೇರಳದಲ್ಲಿ ಗ್ರಾಮ ಪಂಚಾಯತಿನ ಮತದಾರರಿಗೆ ಮೂರು ಮತ ಉಂಟು: ಗ್ರಾಮ ಪಂಚಾಯತಿಗೆ ಒಂದು, ಬ್ಲಾಕ್ ಪಂಚಾಯತಿಗೆ ಒಂದು, ಜಿಲ್ಲಾ ಪಂಚಾಯತಿಗೆ ಒಂದು. ಪರಿಚಯದ ವಾರ್ಡು ಅಭ್ಯರ್ಥಿಗೆ ಒತ್ತಿ ಹೊರಟುಬಿಟ್ಟರೆ ಉಳಿದೆರಡು ಮತ ದಂಡ. ಕಾಸರಗೋಡು, ಕಾಞಂಗಾಡು, ನೀಲೇಶ್ವರ ನಗರಸಭೆಗಳ ಮತದಾರರಿಗೆ ಮಾತ್ರ ಒಂದೇ ಮತ.

1995ರಿಂದ ಐದು ವರ್ಷಕ್ಕೊಮ್ಮೆ ಈ ಚುನಾವಣೆ ನಡೆಯುತ್ತಾ ಬಂದಿದೆ. ಕಳೆದ ಸಲ ನಮ್ಮ ಜಿಲ್ಲೆಯಲ್ಲಿ ಮತದಾನವಾದದ್ದು 2025ರ ಡಿಸೆಂಬರ್ 11ರಂದು. ನಡುವೆ ಸದಸ್ಯರ ಸ್ಥಾನ ತೆರವಾದರೆ ಉಪಚುನಾವಣೆ ಬರುತ್ತದೆ. ಆಗ ತೆರವಾದ ಸ್ಥಾನಕ್ಕಷ್ಟೇ ಮತ.

ಪಟ್ಟಿಯೇ ಬೇರೆ

ವಿಧಾನಸಭೆಯ ಪಟ್ಟಿಯಲ್ಲಿ ಹೆಸರುಂಟು, ಸಾಕಲ್ಲ ಎಂದು ಕೂರಬೇಡಿ. ಪಂಚಾಯತು ಚುನಾವಣೆಯ ಮತದಾರರ ಪಟ್ಟಿಯನ್ನು ರಾಜ್ಯ ಚುನಾವಣಾ ಆಯೋಗ ಬೇರೆಯಾಗಿಯೇ ತಯಾರಿಸುತ್ತದೆ. ಅದರಲ್ಲಿ ಹೆಸರಿಲ್ಲದಿದ್ದರೆ ಕೈಯಲ್ಲಿ ಗುರುತುಚೀಟಿ ಇದ್ದರೂ ಮತವಿಲ್ಲ. ಕರಡು ಪಟ್ಟಿ ಪ್ರಕಟವಾದಾಗ ಪಂಚಾಯತು ಕಚೇರಿಗೆ ಹೋಗಿ ಮನೆಯವರೆಲ್ಲರ ಹೆಸರು ನೋಡಿಕೊಳ್ಳಿ. ಮದುವೆಯಾಗಿ ಬಂದ ಸೊಸೆ, 18 ತುಂಬಿದ ಮಕ್ಕಳು ಬಿಟ್ಟುಹೋಗುವುದು ಹೆಚ್ಚು.

ಗಡಿಯ ಈಚೆ ತೋಟ, ಆಚೆ ಪುತ್ತೂರಿನಲ್ಲೋ ವಿಟ್ಲದಲ್ಲೋ ಅಂಗಡಿ ಇರುವವರು ಒಂದು ಮಾತು ನೆನಪಿಡಬೇಕು. ಆಸ್ತಿ ಎರಡು ಕಡೆ ಇರಬಹುದು, ಮತ ಒಂದೇ ಕಡೆ. ನಿಜವಾಗಿ ವಾಸವಿರುವ ಊರಿನಲ್ಲೇ ಹೆಸರು ಇಟ್ಟುಕೊಳ್ಳಿ.

ಯಂತ್ರದ ಮುಂದೆ

ಬೆಳಿಗ್ಗೆ 7ರಿಂದ ಸಂಜೆ 6ರ ತನಕ ಮತದಾನ. ಚುನಾವಣಾ ಗುರುತುಚೀಟಿ ಇಲ್ಲದಿದ್ದರೆ ಆಧಾರ್, ಪಾನ್ ಕಾರ್ಡು, ಡ್ರೈವಿಂಗ್ ಲೈಸೆನ್ಸು, ಪಾಸ್‌ಪೋರ್ಟು ಕೂಡ ನಡೆಯುತ್ತದೆ. ಒಳಗೆ ಮೂರು ಯಂತ್ರಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಬಿಳಿ ಕಾಗದ ಗ್ರಾಮ ಪಂಚಾಯತಿನದು, ಗುಲಾಬಿ ಬ್ಲಾಕಿನದು, ತಿಳಿನೀಲಿ ಜಿಲ್ಲಾ ಪಂಚಾಯತಿನದು. ಪ್ರತಿಯೊಂದರಲ್ಲೂ ನಿಮಗೆ ಬೇಕಾದ ಚಿಹ್ನೆಯ ಪಕ್ಕದ ಗುಂಡಿ ಒತ್ತಿ, ಕೆಂಪು ದೀಪ ಹೊತ್ತಿತೋ ನೋಡಿ. ಮೂರೂ ಮುಗಿದಾಗ ಉದ್ದಕ್ಕೆ ಒಂದು ಬೀಪ್ ಶಬ್ದ ಕೇಳುತ್ತದೆ. ಅದು ಕೇಳಿದ ಮೇಲೆ ಹೊರಡಿ.

ಯಾವುದೋ ಒಂದಕ್ಕೆ ಮತ ಹಾಕಲು ಮನಸ್ಸಿಲ್ಲವೇ? ಕೊನೆಯ ಯಂತ್ರದಲ್ಲಿ 'ಎಂಡ್' ಎಂಬ ಗುಂಡಿ ಉಂಟು. ಬೇಕಾದವರಿಗೆ ಮತ ಹಾಕಿ ಕೊನೆಗೆ ಅದನ್ನು ಒತ್ತಬೇಕು. ಮೊದಲೇ ಒತ್ತಿದಿರೋ, ಮತ್ತೆ ಮತ ಹಾಕಲಾಗುವುದಿಲ್ಲ. ವಿಧಾನಸಭೆ ಚುನಾವಣೆಯಲ್ಲಿರುವ 'ನೋಟಾ' ಇಲ್ಲಿಲ್ಲ.

ಕನ್ನಡ ಭಾಷಾ ಅಲ್ಪಸಂಖ್ಯಾತರ ಪ್ರದೇಶವೆಂದು ಗುರುತಿಸಿದ ಕಡೆ ಅಭ್ಯರ್ಥಿಗಳ ಹೆಸರನ್ನು ಮಲಯಾಳದ ಜತೆ ಕನ್ನಡದಲ್ಲೂ ಮುದ್ರಿಸುತ್ತಾರೆ. ಮಲಯಾಳ ಓದಲು ಬರುವುದಿಲ್ಲ ಎಂದು ಹಿರಿಯರು ಹಿಂಜರಿಯಬೇಕಾಗಿಲ್ಲ.

ಮೂರೂ ಯಾಕೆ ಬೇಕು?

ಅಂಗಡಿಯ ಲೈಸೆನ್ಸು, ಕಟ್ಟಡ ತೆರಿಗೆ, ಊರ ರಸ್ತೆ, ಬೀದಿದೀಪ, ಕೃಷಿಭವನ ಇವೆಲ್ಲ ಗ್ರಾಮ ಪಂಚಾಯತಿಗೆ ಸೇರಿದ್ದು. ಪ್ರಾಥಮಿಕ ಆರೋಗ್ಯ ಕೇಂದ್ರವೂ ಅದರದೇ. ಸಮುದಾಯ ಆರೋಗ್ಯ ಕೇಂದ್ರ ಬ್ಲಾಕಿನ ಕೈಯಲ್ಲಿ. ಸರಕಾರಿ ಹೈಸ್ಕೂಲು, ಜಿಲ್ಲಾ ಆಸ್ಪತ್ರೆ ಜಿಲ್ಲಾ ಪಂಚಾಯತಿನದು. ಮಕ್ಕಳ ಹೈಸ್ಕೂಲಿಗೆ ಕಟ್ಟಡ ಬೇಕಾದರೆ ವಾರ್ಡು ಸದಸ್ಯರನ್ನು ಎಷ್ಟು ಕೇಳಿದರೇನು? ಅದನ್ನು ಕೇಳಬೇಕಾದ ಜಾಗಕ್ಕೆ ಕಳುಹಿಸುವ ಮತವನ್ನೇ ನಾವು ಯಂತ್ರದಲ್ಲಿ ಬಿಟ್ಟು ಬಂದಿದ್ದರೆ ಆಮೇಲೆ ದೂರುವುದು ಯಾರನ್ನು?

ಇನ್ನೊಂದು ವಿಷಯ. ಅಕ್ಕಲಕೋಟೆ, ಜತ್ತ ಕಡೆಯ ನಮ್ಮವರು ಮಹಾರಾಷ್ಟ್ರದ ಪದ್ಧತಿಯಂತೆ ಸರಪಂಚರಿಗೂ ನೇರವಾಗಿ ಮತ ಹಾಕುತ್ತಾರೆ. ಕೇರಳದಲ್ಲಿ ಅಧ್ಯಕ್ಷರನ್ನು ಆರಿಸುವವರು ಗೆದ್ದ ಸದಸ್ಯರು. ಹಾಗಾಗಿ ನಿಮ್ಮ ವಾರ್ಡಿನ ಮತ ಅಧ್ಯಕ್ಷರ ಕುರ್ಚಿಯ ತನಕ ಮುಟ್ಟುತ್ತದೆ.

ಹಿಂದಿನ ರಾತ್ರಿ ಮನೆಯಲ್ಲಿ ಕೂತು ಮೂರು ಬಣ್ಣ, ಮೂರು ಹೆಸರು, ಮೂರು ಚಿಹ್ನೆ ಗಟ್ಟಿಮಾಡಿಕೊಳ್ಳಿ. ಯಾರಿಗೆ ಎಂಬುದು ನಿಮ್ಮ ಇಷ್ಟ. ಮೂರೂ ಹಾಕಿ ಬನ್ನಿ ಎಂಬುದಷ್ಟೇ ನಮ್ಮ ಮಾತು.