ಸಮೂಹ ವ್ಯಾಜ್ಯದ ರಾಜಿಪತ್ರ: ಮೊತ್ತದ ಆಚೆಗಿನ ಷರತ್ತುಗಳು



ಅನೇಕರ ಪರವಾಗಿ ಹೂಡಿದ ದಾವೆಯೊಂದು ರಾಜಿಯಲ್ಲಿ ಮುಗಿಯಿತೆಂದು ಕೇಳಿದೊಡನೆ ಮೊತ್ತವೆಷ್ಟೆಂದು ವಿಚಾರಿಸುವುದು ನಮ್ಮೆಲ್ಲರ ವಾಡಿಕೆ. ರಾಜಿಪತ್ರವು ಯಾರನ್ನು ಬದ್ಧಗೊಳಿಸುತ್ತದೆ, ತಪ್ಪನ್ನು ಒಪ್ಪಿಕೊಂಡವರು ಯಾರು, ಮುಂದೆ ಕೇಳುವ ಯಾವ ಹಕ್ಕು ಅಲ್ಲಿಗೇ ಕೊನೆಗೊಳ್ಳುತ್ತದೆ ಎಂಬ ಷರತ್ತುಗಳನ್ನು ಓದುವವರು ವಿರಳ.

ಅಮೆರಿಕದ ಕ್ಲಾಸ್ ಆಕ್ಷನ್ ಪದ್ಧತಿಯಲ್ಲಿ ಕೆಲವರು ಎಲ್ಲರ ಪರವಾಗಿ ವಾದಿಸುತ್ತಾರೆ. ಪರಿಹಾರದ ದಾವೆಗಳಲ್ಲಿ ಸಮೂಹದವರಿಗೆ ತಿಳಿವಳಿಕೆ ಪತ್ರ ಹೋಗಬೇಕು, ಹೊರಗುಳಿಯಲು ಅವಕಾಶವಿರಬೇಕು, ಷರತ್ತುಗಳು ನ್ಯಾಯಸಮ್ಮತವೆಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಭೋಪಾಲದಲ್ಲಿ ಮೊದಲಿನ ಎರಡೂ ಇರಲಿಲ್ಲ. 1985ರ ಕಾಯಿದೆಯಿಂದ ಭಾರತ ಸರ್ಕಾರವೇ ಸಂತ್ರಸ್ತರೆಲ್ಲರ ಏಕೈಕ ಪ್ರತಿನಿಧಿಯಾಯಿತು. 1989ರ ಫೆಬ್ರುವರಿಯಲ್ಲಿ ಯೂನಿಯನ್ ಕಾರ್ಬೈಡ್ 47 ಕೋಟಿ ಡಾಲರ್ ಕೊಡುವುದೆಂದು ಸುಪ್ರೀಂ ಕೋರ್ಟಿನಲ್ಲಿ ರಾಜಿಯಾಯಿತು. ಅದರೊಡನೆ ಕ್ರಿಮಿನಲ್ ಮೊಕದ್ದಮೆಗಳೂ ರದ್ದಾದವು. 1991ರ ಅಕ್ಟೋಬರ್ 3ರಂದು ಈ ಕೊನೆಯ ಷರತ್ತನ್ನು ಮಾತ್ರ ಕಿತ್ತುಹಾಕಲಾಯಿತು. ಆ ಬಹುಮತದ ತೀರ್ಪನ್ನು ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು, 1989ರ ಪೀಠದಲ್ಲಿಯೂ ಅವರಿದ್ದರೆಂಬುದು ಗಮನಾರ್ಹ. ಮೊತ್ತ ಹಾಗೆಯೇ ಉಳಿಯಿತು. ಹೆಚ್ಚಿನ ಹಣ ಕೋರಿದ ಸರ್ಕಾರದ ಅರ್ಜಿ 2023ರ ಮಾರ್ಚ್ 14ರಂದು ತಿರಸ್ಕೃತವಾಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆ ಈ ಸೆಂಡಾಯ್ ನಗರದಲ್ಲಿಯೇ ಆರಂಭವಾಯಿತು. 1948ರಿಂದ 1996ರವರೆಗೆ ಜಪಾನಿನಲ್ಲಿ ಜಾರಿಯಲ್ಲಿದ್ದ ಸುಪ್ರಜನನ ಸಂರಕ್ಷಣಾ ಕಾನೂನಿನಡಿ ಸುಮಾರು 25,000 ಮಂದಿಯ ಸಂತಾನಶಕ್ತಿಯನ್ನು ಶಸ್ತ್ರಕ್ರಿಯೆಯಿಂದ ಹರಣ ಮಾಡಲಾಯಿತು. ಅವರಲ್ಲಿ ಸುಮಾರು 16,500 ಮಂದಿಯ ಒಪ್ಪಿಗೆಯನ್ನೇ ಪಡೆದಿರಲಿಲ್ಲ. 2018ರ ಜನವರಿ 30ರಂದು ಮಿಯಾಗಿ ಪ್ರಾಂತ್ಯದ ಮಹಿಳೆಯೊಬ್ಬರು ಸೆಂಡಾಯ್ ಜಿಲ್ಲಾ ನ್ಯಾಯಾಲಯದಲ್ಲಿ ದೇಶದ ಮೊದಲ ದಾವೆ ಹೂಡಿದರು. 2019ರ ಮೇ 28ರ ತೀರ್ಪು ಕಾನೂನು ಸಂವಿಧಾನಬಾಹಿರವೆಂದು ಸಾರಿತು, ಆದರೆ ಪರಿಹಾರ ಕೊಡಲಿಲ್ಲ. ಅಡ್ಡಬಂದದ್ದು 20 ವರ್ಷಗಳ ಕಾಲಮಿತಿ. ಇಲ್ಲಿನ ಉಚ್ಚ ನ್ಯಾಯಾಲಯವೂ 2023ರಲ್ಲಿ ಅದನ್ನೇ ಎತ್ತಿಹಿಡಿಯಿತು. ಸರ್ಕಾರವು ಕಾಲಮಿತಿಯ ಹಿಂದೆ ಅಡಗುವುದು ಹಕ್ಕಿನ ದುರುಪಯೋಗವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2024ರ ಜುಲೈ 3ರಂದು.

ಅದೇ ಸೆಪ್ಟೆಂಬರ್ 30ರಂದು ವಾದಿಗಳೂ ಸರ್ಕಾರವೂ ರಾಜಿಯ ಮೂಲ ಒಪ್ಪಂದಕ್ಕೆ ಸಹಿ ಹಾಕಿದರು. ಅದರಲ್ಲಿ ಕ್ಷಮಾಯಾಚನೆಯಿದೆ, ಶಸ್ತ್ರಕ್ರಿಯೆಗೊಳಗಾದವರಿಗೆ ಗರಿಷ್ಠ 1 ಕೋಟಿ 50 ಲಕ್ಷ ಯೆನ್ ಇದೆ, ಮುಂದಿನ ಕ್ರಮಗಳ ಬಗ್ಗೆ ಮಾತುಕತೆ ಮುಂದುವರಿಸುವ ಕರಾರೂ ಇದೆ. ನಮ್ಮ ಅಭಿಪ್ರಾಯದಲ್ಲಿ ಹಣಕ್ಕಿಂತ ಆ ಕ್ಷಮಾಯಾಚನೆಯ ಸಾಲನ್ನು ಪಡೆಯುವುದೇ ಹೆಚ್ಚು ಕಷ್ಟವಾಗಿತ್ತು.

ಆದರೆ ಇಂಥ ವ್ಯಾಜ್ಯಗಳಲ್ಲಿ ಜಪಾನಿನ ರಾಜಿ ಕಟಕಟೆ ಹತ್ತಿದವರಿಗೆ ಮಾತ್ರ ಅನ್ವಯಿಸುತ್ತದೆ. ದಾವೆ ಹೂಡಿದವರು ನಲವತ್ತರ ಆಸುಪಾಸು. ಉಳಿದ ಸಾವಿರಾರು ಮಂದಿಯ ಹಕ್ಕನ್ನು ಆ ಪತ್ರ ಕಸಿಯಲೂ ಇಲ್ಲ, ಈಡೇರಿಸಲೂ ಇಲ್ಲ. ಆದ್ದರಿಂದ ಅಕ್ಟೋಬರ್ 8ರಂದು ಪ್ರತ್ಯೇಕ ಪರಿಹಾರ ಕಾನೂನನ್ನೇ ಮಾಡಬೇಕಾಯಿತು. ಅದರಂತೆ ಶಸ್ತ್ರಕ್ರಿಯೆಗೊಳಗಾದವರಿಗೆ 1 ಕೋಟಿ 50 ಲಕ್ಷ, ಅವರ ಸಂಗಾತಿಗೆ 50 ಲಕ್ಷ, ಗರ್ಭಪಾತ ಮಾಡಿಸಲ್ಪಟ್ಟವರಿಗೆ 20 ಲಕ್ಷ ಯೆನ್ ಸಲ್ಲುತ್ತದೆ. 2025ರ ಜನವರಿ 17ರಿಂದ ಜಾರಿಯಲ್ಲಿರುವ ಈ ಕಾನೂನಿನಡಿ ಪ್ರಾಂತೀಯ ಆಡಳಿತದ ಮೂಲಕ ಅರ್ಜಿ ಸಲ್ಲಿಸಲು 2030ರ ಜನವರಿ 16 ಕೊನೆಯ ದಿನ. ನಿಮ್ಮ ನೆರೆಹೊರೆಯ ಹಿರಿಯರಲ್ಲಿ ಅರ್ಹರಿದ್ದು, ಸಂಕೋಚದಿಂದ ಸುಮ್ಮನಿರುವುದೂ ಉಂಟು.