ಸಣ್ಣ ಟ್ರ್ಯಾಕ್ಟರಿನ ಆರೈಕೆಯಲ್ಲಿ ಒಡೆಯನಿಗೆ ಒದಗುವ ತೊಡಕುಗಳು

ಎತ್ತು ಜಡ್ಡಾದರೆ ಮೇವು ಬಿಡುವುದು, ಮೆಲುಕು ನಿಲ್ಲಿಸುವುದು. ಒಕ್ಕಲಿಗನು ಅದರ ಕಿವಿ ಮುಟ್ಟಿ ನೋಡಿ ಬೇನೆ ಇಂತಹದೆಂದು ತಿಳಿಯುವನು. ಟ್ರ್ಯಾಕ್ಟರು ಹಾಗಲ್ಲ. ಹಿಂದಿನ ಸಂಜೆ ಚೆನ್ನಾಗಿ ಉತ್ತ ಯಂತ್ರವು ಮಾರನೆಯ ಬೆಳಗ್ಗೆ ಕೀಲಿ ತಿರುವಿದರೂ ಸುಮ್ಮನೆ ನಿಂತಿರುವುದುಂಟು. 15 ರಿಂದ 30 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರುಗಳು ಈಗ ಹೊಲ, ಗದ್ದೆ, ತೋಟಗಳೆಲ್ಲೆಲ್ಲಿಯೂ ಬಳಕೆಗೆ ಬಂದಿರುವುವು. ಅವುಗಳನ್ನು ನೋಡುವ ಮೆಕ್ಯಾನಿಕನಾದರೋ ಸಾಮಾನ್ಯವಾಗಿ ತಾಲ್ಲೂಕು ಕೇಂದ್ರದಲ್ಲಿರುವನು; ಕರೆದ ದಿವಸ ಬರುವನೆಂಬ ಭರವಸೆಯಿಲ್ಲ. ಆದಕಾರಣ ಎಣ್ಣೆ ಬದಲಾಯಿಸುವುದು, ಫಿಲ್ಟರ್ ಹಾಕುವುದು, ಡೀಸೆಲ್ ಕೊಳವೆಯಲ್ಲಿನ ಗಾಳಿ ತೆಗೆಯುವುದು ಮೊದಲಾದ ಕೆಲಸಗಳನ್ನು ಅನೇಕ ಜಮೀನುದಾರರು ತಾವೇ ಮಾಡಿಕೊಳ್ಳಲು ತೊಡಗಿರುವರು. ಇದು ಮೆಚ್ಚತಕ್ಕ ವಿಷಯವೇ ಸರಿ. ಆದಾಗ್ಯೂ ಹೀಗೆ ತೊಡಗಿದವರಲ್ಲಿ ಕೆಲವರು ಒಂದೆರಡು ಸಲಕ್ಕೇ ಬೇಸತ್ತು ಕೈಬಿಡುವರು. ಇಂಜಿನಿನ ಗೂಢವು ತಿಳಿಯದೆ ಸೋತವರು ಇವರಲ್ಲಿ ವಿರಳ. ಒಂದು ನಟ್ಟಿನ ಮೂಲೆ ಸವೆದುದರಿಂದಲೋ, ಒಂದು ತಾಮ್ರದ ವಾಷರು ಸೋರಿದುದರಿಂದಲೋ ಅರ್ಧ ಗಂಟೆಯ ಕೆಲಸವು ಮೂರು ದಿವಸಕ್ಕೆ ಬೆಳೆದು, ಅದರಿಂದ ಸೋತವರೇ ಹೆಚ್ಚು.

ಆ ಮೂರು ದಿವಸಗಳು ಯಾವುವೆಂಬುದೇ ಮುಖ್ಯವಾದ ಪ್ರಶ್ನೆ. ಮೃಗಶಿರ, ಆರಿದ್ರಾ ಮಳೆಗಳು ಬಿದ್ದು ಹೊಲವು ಹದಕ್ಕೆ ಬಂದರೆ, ಮಸಾರಿ ನೆಲದಲ್ಲಿ ಆ ಹದವು ಬಹುಕಾಲ ನಿಲ್ಲುವುದಿಲ್ಲ. ಊರಿನವರೆಲ್ಲ ಉಳುವುದು ಅದೇ ದಿವಸ. ಬಾಡಿಗೆಯ ಟ್ರ್ಯಾಕ್ಟರಿಗಾಗಿ ಎಲ್ಲರೂ ಕಾದಿರುವುದೂ ಅದೇ ದಿವಸ. ಮಳೆ ಬಿದ್ದ ಮಾರನೆಯ ಬೆಳಗ್ಗೆ, ಉಳುವುದಕ್ಕೆ ಮುಂಚೆ ಎಣ್ಣೆಯನ್ನಷ್ಟು ಬದಲಾಯಿಸಿಬಿಡೋಣವೆಂದು ಸ್ಪ್ಯಾನರ್ ಹಿಡಿದವನು ಮಧ್ಯಾಹ್ನದ ಹೊತ್ತಿಗೆ ಮುರಿದ ಬೋಲ್ಟನ್ನು ಕೈಯಲ್ಲಿ ಹಿಡಿದು ಬಸ್ಸಿಗೆ ಕಾಯುವನು. ಬಿತ್ತನೆಯು ಒಂದು ಮಳೆಗೆ ಹಿಂದೆ ಬಿದ್ದರೆ ಆಗುವ ನಷ್ಟದ ಮುಂದೆ ಮೆಕ್ಯಾನಿಕನ ಕೂಲಿಯು ಲೆಕ್ಕಕ್ಕೆ ಬಾರದು. ಕೆಳಗೆ ಹೇಳುವ ಕೆಲಸಗಳೆಲ್ಲವನ್ನೂ ಸುಗ್ಗಿ ಮುಗಿದು ಕಣ ಬರಿದಾದ ಮೇಲೆ, ಮಾಘ ಫಾಲ್ಗುಣಗಳಲ್ಲಿ, ಕೆಟ್ಟರೂ ಸರಿಪಡಿಸಲು ಅವಕಾಶವಿರುವಾಗ ಮಾಡತಕ್ಕದ್ದು. ಪ್ರತಿದಿನದ ಎಣ್ಣೆ ಮತ್ತು ನೀರಿನ ಪರೀಕ್ಷೆಗೆ ಮಾತ್ರ ಈ ನಿಯಮವು ಅನ್ವಯಿಸುವುದಿಲ್ಲ.

ತೊಡಕುಗಳಲ್ಲಿ ಮೊದಲನೆಯದು ಸ್ಪ್ಯಾನರಿನದು. ಭಾರತದಲ್ಲಿ 1956 ರಲ್ಲಿ ಮೆಟ್ರಿಕ್ ಅಳತೆಯ ಶಾಸನವಾಯಿತು. ಆದರೆ ಬ್ರಿಟಿಷ್ ಮತ್ತು ಅಮೆರಿಕನ್ ವಿನ್ಯಾಸದ ಹಳೆಯ ಟ್ರ್ಯಾಕ್ಟರುಗಳ ನಟ್ಟುಗಳು ಅಂಗುಲದಲ್ಲಿಯೇ ಉಳಿದುವು. ಜಪಾನೀ ವಿನ್ಯಾಸದವು ಮಿಲ್ಲಿಮೀಟರಿನಲ್ಲಿರುವುವು. ಹಲವು ಸಲ ಬಿಚ್ಚಿ ಜೋಡಿಸಿದ ಹಳೆಯ ಯಂತ್ರದಲ್ಲಿ ಎರಡೂ ಬೆರೆತಿರಬಹುದು. ಅರ್ಧ ಅಂಗುಲವೆಂದರೆ 12.7 ಮಿಲ್ಲಿಮೀಟರು. ಆ ನಟ್ಟಿಗೆ 13 ರ ಸ್ಪ್ಯಾನರ್ ಹಾಕಿದರೆ ಕೂಡಿದಂತೆಯೇ ತೋರುವುದು. ಆದರೆ ಬಲ ಹಾಕಿದೊಡನೆ ಜಾರಿ ಆರು ಮೂಲೆಗಳನ್ನೂ ಉರುಟು ಮಾಡುವುದು. ಮುಕ್ಕಾಲು ಅಂಗುಲವು 19.05 ಮಿಲ್ಲಿಮೀಟರು, ಅಲ್ಲಿ 19 ರ ಸ್ಪ್ಯಾನರ್ ಬಹುಮಟ್ಟಿಗೆ ಹೊಂದುವುದು. ಒಂದು ಕಡೆ ಹೊಂದಿತೆಂದು ಎಲ್ಲ ಕಡೆಯೂ ಹೊಂದೀತೆಂದು ನಂಬುವುದೇ ಮೋಸದ ಮೂಲ. 9/16 ಅಂಗುಲದ ನಟ್ಟು 14.29 ಮಿಲ್ಲಿಮೀಟರು: ಇದಕ್ಕೆ 14 ರದು ಕೂರುವುದಿಲ್ಲ, 15 ರದು ಸಡಿಲ. ಇಂತಹ ಕಡೆ ಸ್ಕ್ರೂ ಸ್ಪ್ಯಾನರನ್ನು ಹಿಡಿಯುವುದು ನಮ್ಮಲ್ಲಿ ರೂಢಿ. ಸಡಿಲವಾದ ನಟ್ಟಿಗೆ ಅದು ಸಾಕು. ಬಿಗಿದು ಕೂತ ನಟ್ಟಿಗೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ. ಹಳೆಯ ನಟ್ಟುಗಳಿಗೆ ಹನ್ನೆರಡು ಮೂಲೆಯ ರಿಂಗಿಗಿಂತ ಆರು ಮೂಲೆಯ ಸಾಕೆಟ್ಟೇ ಲೇಸು, ಅದು ಮೂಲೆಯನ್ನು ಬಿಟ್ಟು ಮಗ್ಗುಲನ್ನು ಹಿಡಿಯುವುದು.

ಬೋಲ್ಟಿನ ಥ್ರೆಡ್ಡಿನಲ್ಲಿ ಇದೇ ತೊಡಕು ಇನ್ನೂ ಹಾನಿಕರ. 8 ಮಿಲ್ಲಿಮೀಟರಿನ ಬೋಲ್ಟಿಗೂ 5/16 ಅಂಗುಲದ ಬೋಲ್ಟಿಗೂ ದಪ್ಪದಲ್ಲಿ ಕೂದಲೆಳೆಯಷ್ಟೇ ವ್ಯತ್ಯಾಸ, ಆದರೆ ಸುತ್ತುಗಳ ಅಂತರ ಬೇರೆ. ಒಂದರ ತೂತಿಗೆ ಮತ್ತೊಂದನ್ನು ಹಾಕಿದರೆ ಒಂದೆರಡು ಸುತ್ತು ಸುಲಭವಾಗಿ ಹೋಗಿ ಅನಂತರ ಬಿಗಿಯುವುದು. ಬೋಲ್ಟು ಕುಳಿತಿತೆಂದು ತಿಳಿದು ಇನ್ನೂ ತಿರುವಿದವನು ತೂತಿನ ಥ್ರೆಡ್ಡನ್ನೇ ಕಿತ್ತುಹಾಕುವನು. ಯಾವ ಬೋಲ್ಟನ್ನೇ ಆಗಲಿ ಮೊದಲ ಮೂರು ನಾಲ್ಕು ಸುತ್ತನ್ನು ಬೆರಳಿನಿಂದಲೇ ತಿರುವತಕ್ಕದ್ದು. ಬೆರಳಿಗೆ ಬಗ್ಗದಿದ್ದರೆ ಅದು ಆ ತೂತಿನ ಬೋಲ್ಟಲ್ಲ, ಅಥವಾ ಓರೆಯಾಗಿ ಹತ್ತಿದೆ. ಬಿಚ್ಚಿದ ಬೋಲ್ಟುಗಳನ್ನು ಒಂದೇ ತಟ್ಟೆಗೆ ಸುರಿಯದೆ, ರಟ್ಟಿನ ಮೇಲೆ ಆ ಭಾಗದ ಆಕಾರವನ್ನು ಗೀಚಿ ಅದರಲ್ಲಿ ಬೋಲ್ಟು ಇದ್ದ ಸ್ಥಾನದಲ್ಲಿಯೇ ಚುಚ್ಚಿಟ್ಟರೆ ಈ ಅನರ್ಥವು ತಪ್ಪುವುದು.

ತುಕ್ಕು ಹಿಡಿದ ಬೋಲ್ಟಿಗೆ ಬೇಕಾದುದು ಬಲವಲ್ಲ, ಕಾಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆಯನ್ನಾಗಲಿ, ಅದಿಲ್ಲದಿದ್ದರೆ ಸೀಮೆಎಣ್ಣೆ ಅಥವಾ ಡೀಸೆಲಿಗೆ ಸ್ವಲ್ಪ ಇಂಜಿನ್ ಎಣ್ಣೆ ಬೆರೆಸಿಯಾಗಲಿ ಅದರ ಬುಡಕ್ಕೆ ಹನಿಸಿ ಬಿಡತಕ್ಕದ್ದು. ಬೆಳಗ್ಗೆ ತಲೆಯ ಮೇಲೆ ಸುತ್ತಿಗೆಯಿಂದ ನೆಟ್ಟಗೆ ನಾಲ್ಕಾರು ಪೆಟ್ಟು ಕೊಟ್ಟು, ಮೊದಲು ಬಿಗಿಯುವ ಕಡೆಗೆ ಒಂದಿಷ್ಟು ಅಲುಗಿಸಿ, ಅನಂತರ ಬಿಚ್ಚುವ ಕಡೆಗೆ ತಿರುವಬೇಕು. ಸ್ಪ್ಯಾನರಿನ ಹಿಡಿಗೆ ಉದ್ದನೆಯ ಕೊಳವೆ ತೂರಿಸಿ ಜಗ್ಗುವವರು ಬೋಲ್ಟಿನ ತಲೆಯನ್ನು ಕೈಗೆ ತಂದು ಬುಡವನ್ನು ಒಳಗೇ ಬಿಡುವರು. ಬೆಂಕಿಯಿಂದ ಕಾಯಿಸುವ ಉಪಾಯವು ಫಲಕಾರಿಯೇ. ಆದರೆ ಡೀಸೆಲ್ ತೊಟ್ಟಿ, ಕೊಳವೆ, ಬ್ಯಾಟರಿಗಳ ಸಮೀಪದಲ್ಲಿ ಅದನ್ನು ಎಂದಿಗೂ ಮಾಡಕೂಡದು.

ಇಂಜಿನ್ ಎಣ್ಣೆಯನ್ನು ಹೊಸ ಯಂತ್ರದಲ್ಲಿ ಸುಮಾರು ಮೊದಲ 50 ಗಂಟೆಗಳ ಕೆಲಸದ ಮೇಲೆಯೂ, ಅಲ್ಲಿಂದ ಮುಂದೆ ಯಂತ್ರದ ಕೈಪಿಡಿಯಲ್ಲಿ ಹೇಳಿದ ಗಂಟೆಗಳಿಗೊಮ್ಮೆಯೂ ಬದಲಾಯಿಸುವುದು ವಾಡಿಕೆ. ಕೆಲಸವು ಸುಲಭವಾದುದು, ಆದರೆ ಅದರಲ್ಲಿ ಎರಡು ಹೊಂಡಗಳುಂಟು. ಎಣ್ಣೆ ಇಳಿಸುವ ಬಿರಡೆಯನ್ನು ಮೈಯಲ್ಲಿ ಬಲವಿದ್ದಷ್ಟೂ ಬಿಗಿಯುವುದು ಮೊದಲನೆಯದು. ಸೋರದಂತೆ ತಡೆಯುವುದು ಬಿರಡೆಯ ಕೆಳಗಿನ ವಾಷರೇ ಹೊರತು ಕೈಬಲವಲ್ಲ. ವಾಷರನ್ನು ಹೊಸದಾಗಿ ಹಾಕಿ ಮಿತವಾಗಿ ಬಿಗಿದರೆ ಸಾಕು. ಎರಡನೆಯದು ತಿರುವಿ ಹಾಕುವ ಡಬ್ಬಿಯಾಕಾರದ ಫಿಲ್ಟರಿನದು. ಹಿಂದೆ ಯಾರೋ ಅದನ್ನು ಸ್ಪ್ಯಾನರಿನಿಂದ ಬಿಗಿದಿದ್ದರೆ ಕೈಗೆ ಬಗ್ಗುವುದಿಲ್ಲ. ಆಗ ಸ್ಕ್ರೂಡ್ರೈವರನ್ನು ಡಬ್ಬಿಗೆ ತೂರಿಸಿ ತಿರುವುವ ಪದ್ಧತಿಯುಂಟು. ತಗಡು ಹರಿದು, ಫಿಲ್ಟರು ಅರ್ಧ ಅಲ್ಲಿಯೇ ಉಳಿದು, ಎಣ್ಣೆಯೆಲ್ಲ ತೋಳಿನಲ್ಲಿ ಇಳಿಯುವುದೇ ಇದರ ಫಲ. ಪಟ್ಟಿಯಿಂದ ಸುತ್ತಿ ಹಿಡಿಯುವ ಸಾಧನವು ಹೆಚ್ಚು ಬೆಲೆಯದಲ್ಲ, ಅದನ್ನಿಟ್ಟುಕೊಳ್ಳುವುದೊಳ್ಳೆಯದು. ಫಿಲ್ಟರು ಬಂದ ಮೇಲೆ ಅದರ ಬಾಯಿಯ ರಬ್ಬರ್ ಉಂಗುರವೂ ಜೊತೆಗೆ ಬಂದಿದೆಯೇ ಎಂದು ನೋಡಲೇಬೇಕು. ಅನೇಕ ವೇಳೆ ಹಳೆಯ ಉಂಗುರವು ಇಂಜಿನಿನ ಮೈಗೇ ಅಂಟಿ ಉಳಿಯುವುದು. ಅದರ ಮೇಲೆ ಹೊಸ ಫಿಲ್ಟರನ್ನು ಕೂರಿಸಿ ಇಂಜಿನನ್ನು ಚಾಲೂ ಮಾಡಿದರೆ, ಕೆಲವು ಕ್ಷಣಗಳೊಳಗೆ ಹೊಸ ಎಣ್ಣೆಯೆಲ್ಲ ನೆಲದ ಪಾಲಾಗುವುದು. ಗಮನಿಸದೆ ಬಿಟ್ಟರೆ ಒಣಗಿದ ಬೇರಿಂಗುಗಳು ಸುಟ್ಟುಹೋಗುವುವು. ಹೊಸ ಉಂಗುರಕ್ಕೆ ಎಣ್ಣೆ ಸವರಿ, ಅದು ಮೈಗೆ ತಾಗಿದ ಮೇಲೆ ಸುಮಾರು ಮುಕ್ಕಾಲು ಸುತ್ತು ಕೈಯಿಂದಲೇ ಬಿಗಿಯತಕ್ಕದ್ದು. ಇಳಿಸಿದ ಹಳೆಯ ಎಣ್ಣೆಯನ್ನು ಬಾವಿಯ ಹತ್ತಿರವಾಗಲಿ ಕಾಲುವೆಯಲ್ಲಾಗಲಿ ಚೆಲ್ಲಕೂಡದು.

ಇನ್ನು ಯಾವ ಒಡೆಯನನ್ನೂ ಬಿಡದೆ ಕಾಡುವ ತೊಡಕೆಂದರೆ ಡೀಸೆಲ್ ಕೊಳವೆಯಲ್ಲಿ ಗಾಳಿ ಸೇರುವುದು. ಡೀಸೆಲ್ ಇಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾದು, ಆ ಕಾವಿಗೆ ನಾಜಲಿನಿಂದ ಮಂಜಿನಂತೆ ಸಿಡಿದ ಡೀಸೆಲು ತಾನಾಗಿ ಹೊತ್ತಿಕೊಳ್ಳುವುದು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಯಂತ್ರಶಿಲ್ಪಿಯು 1897 ರಲ್ಲಿ ನಡೆಸಿ ತೋರಿಸಿದ ಇಂಜಿನಿನ ತತ್ತ್ವವೂ ಇದೇ. ನಾಜಲು ಬಾಯಿ ತೆರೆಯಬೇಕಾದರೆ ಪಂಪು ಡೀಸೆಲನ್ನು ಬಹು ಒತ್ತಡದಿಂದ ತಳ್ಳಬೇಕು. ಡೀಸೆಲು ದ್ರವವಾದುದರಿಂದ ಒತ್ತಿದರೆ ಕುಗ್ಗದು, ಗಾಳಿಯು ಕುಗ್ಗುವುದು. ಕೊಳವೆಯಲ್ಲಿ ಗುಳ್ಳೆಯಿದ್ದರೆ ಪಂಪಿನ ಶ್ರಮವೆಲ್ಲ ಆ ಗುಳ್ಳೆಯನ್ನು ಹಿಂಡುವುದರಲ್ಲಿಯೇ ಮುಗಿದು ನಾಜಲು ತೆರೆಯುವುದಿಲ್ಲ. ತೊಟ್ಟಿಯಲ್ಲಿ ಡೀಸೆಲ್ ಮುಗಿಯುವ ತನಕ ಉತ್ತರೆ, ಅಥವಾ ಫಿಲ್ಟರ್ ಬದಲಾಯಿಸಿದರೆ ಗಾಳಿ ಸೇರುವುದು ಖಂಡಿತ.

ಗಾಳಿ ತೆಗೆಯುವ ಕ್ರಮವು ಹೀಗೆ: ತೊಟ್ಟಿಯನ್ನು ಅರ್ಧಕ್ಕಿಂತ ಮೇಲಾಗಿ ತುಂಬಿ ನಲ್ಲಿ ತೆರೆದು, ಫಿಲ್ಟರಿನ ಮೇಲಿನ ಗಾಳಿ ತಿರುಪನ್ನು ಸಡಿಲಿಸಿ, ಕೈಪಂಪಿನ ಹಿಡಿಯನ್ನು ಆಡಿಸುತ್ತಿರಬೇಕು. ಮೊದಲು ನೊರೆ ಬರುವುದು. ಗುಳ್ಳೆಯಿಲ್ಲದೆ ಡೀಸೆಲ್ ಹರಿದಾಗ ತಿರುಪನ್ನು ಬಿಗಿದು, ಪಂಪಿನ ಮೇಲಿನ ತಿರುಪಿನಲ್ಲಿ ಇದನ್ನೇ ಮಾಡಬೇಕು. ಆಗಲೂ ಇಂಜಿನು ಹಿಡಿಯದಿದ್ದರೆ ನಾಜಲಿಗೆ ಹೋಗುವ ಕೊಳವೆಯ ನಟ್ಟನ್ನು ಒಂದು ಸುತ್ತು ಸಡಿಲಿಸಿ, ಇಂಜಿನನ್ನು ತಿರುಗಿಸಿ, ಡೀಸೆಲ್ ಚಿಮ್ಮಿದ ಮೇಲೆ ಬಿಗಿಯಬೇಕು. ಹೇಳುವುದಕ್ಕೆ ಇಷ್ಟೇ. ಮಾಡುವಾಗ ಕೈಪಂಪಿನ ಹಿಡಿಯು ಸಡಿಲವಾಗಿ ಆಡಿ ಏನನ್ನೂ ಎತ್ತದೆ ಇರುವುದುಂಟು. ಪಂಪು ಕೆಟ್ಟಿತೆಂದು ಅದನ್ನು ಬಿಚ್ಚಿ ಪಟ್ಟಣಕ್ಕೆ ಒಯ್ಯುವ ಮೊದಲು ಇಂಜಿನನ್ನು ಒಂದು ಸುತ್ತು ತಿರುಗಿಸಿ ಮತ್ತೆ ನೋಡತಕ್ಕದ್ದು. ಒಳಗಿನ ಉಬ್ಬು ಚಕ್ರವು ಪಂಪನ್ನು ಎತ್ತಿ ಹಿಡಿದ ಸ್ಥಿತಿಯಲ್ಲಿ ಇಂಜಿನು ನಿಂತಿದ್ದರೆ ಹಿಡಿಗೆ ಕೆಲಸವೇ ಇರುವುದಿಲ್ಲ. ಗಾಳಿ ತೆಗೆದು ಓಡಿಸಿದ ಯಂತ್ರವು ಹತ್ತು ನಿಮಿಷಕ್ಕೆ ಮತ್ತೆ ನಿಲ್ಲುವುದು ಇನ್ನೊಂದು ಬಗೆಯ ಕಾಟ. ತೊಟ್ಟಿಗೂ ಕೈಪಂಪಿಗೂ ನಡುವೆ ಇರುವ ಕೊಳವೆಯಲ್ಲಿ ಪಂಪು ಹೀರುತ್ತಿರುವುದರಿಂದ, ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರದೆ ಗಾಳಿಯೇ ಒಳಗೆ ಹೋಗುವುದು. ಎಲ್ಲಿಯೂ ಒದ್ದೆಯಿಲ್ಲವೆಂದು ನೋಡಿದವನು ಮೋಸಹೋಗುವನು. ಒಮ್ಮೆ ಚಪ್ಪಟೆಯಾದ ತಾಮ್ರದ ವಾಷರನ್ನೇ ಪುನಃ ಹಾಕಿರುವುದು ಇದಕ್ಕೆ ಸಾಮಾನ್ಯ ಕಾರಣ. ಕಾಸಿನ ಬೆಲೆಯ ಈ ವಾಷರುಗಳನ್ನು ಒಂದು ಡಜನ್ ಮನೆಯಲ್ಲಿಟ್ಟಿರಬೇಕು.

ಇಲ್ಲಿ ಒಂದು ಅಪಾಯವನ್ನು ಸ್ಪಷ್ಟವಾಗಿ ತಿಳಿಸುವುದವಶ್ಯ. ನಾಜಲಿನಿಂದ ಸಿಡಿಯುವ ಡೀಸೆಲು ಚರ್ಮವನ್ನು ತೂರಿ ಮಾಂಸಕ್ಕೆ ಇಳಿಯುವುದು. ಗಾಯವು ಮುಳ್ಳು ಚುಚ್ಚಿದಷ್ಟೇ ಕಾಣುವುದು, ಮೊದಲಲ್ಲಿ ನೋವೂ ಹೆಚ್ಚಿರದು. ಆದರೆ ತಡಮಾಡಿದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾದೀತು. ನಾಜಲಿನ ಬಾಯಿಗೆ ಬೆರಳೊಡ್ಡಿ ಪರೀಕ್ಷಿಸಬಾರದು. ಒಡ್ಡಿಕೊಂಡವನನ್ನು ಅರಿಸಿನ ಹಚ್ಚಿ ಮನೆಯಲ್ಲಿಟ್ಟುಕೊಳ್ಳದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಸೇರಿಸತಕ್ಕದ್ದು. ನಾಜಲು ಮತ್ತು ಅದಕ್ಕೆ ಡೀಸೆಲ್ ತಳ್ಳುವ ಪಂಪು, ಈ ಎರಡನ್ನು ಒಡೆಯನು ಬಿಚ್ಚಲೇಕೂಡದು. ಅವುಗಳ ಒಳಭಾಗಗಳು ಮಿಲ್ಲಿಮೀಟರಿನ ಸಾವಿರದ ಕೆಲವೇ ಅಂಶಗಳ ಅಂತರದಲ್ಲಿ ಕೂಡಿರುವುವು, ಕಣಕ್ಕೆ ಬೀಸುವ ಧೂಳಿನ ಒಂದು ಕಣವೂ ಅಲ್ಲಿ ಗಾಯ ಮಾಡಬಲ್ಲುದು.

ಏರ್ ಕ್ಲೀನರಿನ ಕೆಲಸವು ಎಲ್ಲಕ್ಕಿಂತ ಸುಲಭ. ಎಲ್ಲರೂ ಮರೆಯುವುದೂ ಅದನ್ನೇ. ಎಣ್ಣೆ ಬಟ್ಟಲಿನ ಮಾದರಿಯಾದರೆ ಧೂಳಿನ ಕಾಲದಲ್ಲಿ ದಿನಕ್ಕೊಮ್ಮೆ ಬಿಚ್ಚಿ, ತಳದಲ್ಲಿ ಕೆಸರು ಕಟ್ಟಿದ್ದರೆ ಚೆಲ್ಲಿ, ಗುರುತಿನ ತನಕ ಮಾತ್ರ ಹೊಸ ಎಣ್ಣೆ ಹಾಕಬೇಕು. ಗುರುತು ಮೀರಿದರೆ ಇಂಜಿನು ಆ ಎಣ್ಣೆಯನ್ನೇ ಹೀರುವುದು. ಕಾಗದದ ಮಾದರಿಯನ್ನು ಕಲ್ಲಿಗೆ ಬಡಿಯುವುದು, ಡೀಸೆಲಿನಲ್ಲಿ ತೊಳೆಯುವುದು ಎರಡೂ ತಪ್ಪು. ರೇಡಿಯೇಟರು ಬಿಸಿಯಾಗಿರುವಾಗ ಮುಚ್ಚಳವನ್ನು ತೆರೆಯಬಾರದೆಂಬುದನ್ನು ಬಲ್ಲವರಿಗೂ ಮತ್ತೆ ಹೇಳಬೇಕಾಗಿದೆ.

ಬಿಡಿಭಾಗಗಳ ವಿಷಯದಲ್ಲಿ ಪೇಟೆಗೆ ಎರಡು ಸಲ ತಿರುಗದವರು ಕಡಿಮೆ. ಒಂದೇ ಹೆಸರಿನ ಟ್ರ್ಯಾಕ್ಟರಿಗೆ ಒಂದೊಂದು ವರ್ಷ ಒಂದೊಂದು ಬಗೆಯ ಫಿಲ್ಟರು, ಬೆಲ್ಟು, ಪಂಪು ಬಂದಿರಬಹುದು. ಅಂಗಡಿಯವನಿಗೆ ಯಂತ್ರದ ಹೆಸರು ಹೇಳಿದರೆ ಸಾಲದು. ಚಾಸಿಸ್ ಸಂಖ್ಯೆ, ಇಂಜಿನ್ ಸಂಖ್ಯೆಗಳನ್ನು ಬರೆದುಕೊಂಡು, ಹಳೆಯ ಭಾಗವನ್ನೂ ಜೊತೆಗೆ ಒಯ್ಯತಕ್ಕದ್ದು. ಹೊಸದು ಕೈಗೆ ಬಂದು, ಪಕ್ಕದಲ್ಲಿಟ್ಟು ಹೋಲಿಸಿ ನೋಡುವ ತನಕ ಹಳೆಯದನ್ನು ಎಸೆಯಬಾರದು.

ಕೆಲವು ಸಾಧನಗಳು ಒಬ್ಬನಿಗೆ ದುಬಾರಿ, ವರ್ಷಕ್ಕೆ ಒಂದೆರಡು ಸಲವಷ್ಟೇ ಬೇಕಾಗುವಂತಹವು: ಬಿಗಿತವನ್ನು ಅಳೆದು ತೋರಿಸುವ ಸ್ಪ್ಯಾನರ್, ಮುರಿದ ಬೋಲ್ಟನ್ನು ಹೊರತೆಗೆಯುವ ಎಡಸುತ್ತಿನ ಸಾಧನ, ಥ್ರೆಡ್ ಕೊರೆಯುವ ಟ್ಯಾಪುಗಳು, ಅಂಗುಲ ಮತ್ತು ಮಿಲ್ಲಿಮೀಟರ್ ಎರಡರ ಆರು ಮೂಲೆಯ ಸಾಕೆಟ್ಟುಗಳು. ಟ್ರ್ಯಾಕ್ಟರುಳ್ಳ ನಾಲ್ಕಾರು ಮನೆಗಳಿರುವ ಗ್ರಾಮದಲ್ಲಿ ಮುಖಂಡರು ಮುಂದಾಗಿ ಇವುಗಳನ್ನು ಪಾಲಿನ ಮೇಲೆ ತರಿಸಿ, ಬೀಗವುಳ್ಳ ಒಂದು ಪೆಟ್ಟಿಗೆಯಲ್ಲಿಟ್ಟು, ಒಯ್ದವರ ಹೆಸರನ್ನೂ ತಾರೀಖನ್ನೂ ಪುಸ್ತಕದಲ್ಲಿ ಬರೆಯಿಸಿದರೆ ಅನುಕೂಲವಾಗುವುದು. ಹಿಂದಿರುಗಿದ ಸಾಕೆಟ್ಟುಗಳನ್ನು ಎಣಿಸಿಯೇ ಬೀಗ ಹಾಕಬೇಕು. ಮೊದಲು ಕಾಣೆಯಾಗುವುದು ಎಲ್ಲರಿಗೂ ಬೇಕಾದ 13 ರ ಸಾಕೆಟ್ಟೇ.