ನಿರ್ವಾತದೊಳಗಿನ ಕಿಡಿ

ಎತ್ತರದ ಕಟ್ಟಡಗಳಿಗೆ ಕೂರಿಸುವ ಬಿಸಿಲು ತಡೆಯುವ ಗಾಜಿನ ಮೇಲೆ, ಮೊಬೈಲಿನ ಪರದೆಯ ಮೇಲೆ, ಕಂಪ್ಯೂಟರ್ ಚಿಪ್ಪಿನ ಒಳಗೆ ಕೂದಲೆಳೆಗಿಂತ ಎಷ್ಟೋ ಪಾಲು ತೆಳುವಾದ ಪದರಗಳಿರುತ್ತವೆ. ಇಂಥ ಎಷ್ಟೋ ಪದರಗಳನ್ನು ಕೂರಿಸುವುದು ಸ್ಪಟರಿಂಗ್ ಎಂಬ ವಿಧಾನದಿಂದ. ಉಕ್ಕಿನ ಚೇಂಬರಿನಿಂದ ಗಾಳಿಯನ್ನೆಲ್ಲ ಹೊರಗೆಳೆದು, ಒಳಗೆ ಚೂರೇ ಚೂರು ಆರ್ಗಾನ್ ಅನಿಲ ಬಿಡುತ್ತಾರೆ. ಒತ್ತಡ ಸುಮಾರು 0.5 ಪ್ಯಾಸ್ಕಲ್, ಅಂದರೆ ನಾವು ಉಸಿರಾಡುವ ಗಾಳಿಯ ಒತ್ತಡದ ಎರಡು ಲಕ್ಷದಲ್ಲಿ ಒಂದು ಪಾಲು. ಪದರವಾಗಬೇಕಾದ ಲೋಹದ ಫಲಕಕ್ಕೆ ಟಾರ್ಗೆಟ್ ಎಂದು ಹೆಸರು. ಅದರ ಬೆನ್ನಿಗೆ ಆಯಸ್ಕಾಂತಗಳನ್ನಿಟ್ಟು 400-500 ವೋಲ್ಟ್ ಋಣ ವಿದ್ಯುತ್ತು ಕೊಟ್ಟರೆ ಆರ್ಗಾನ್ ಪ್ಲಾಸ್ಮಾ ಆಗುತ್ತದೆ. ಆರ್ಗಾನ್ ಅಯಾನುಗಳು ಟಾರ್ಗೆಟ್ಟಿಗೆ ಅಪ್ಪಳಿಸುತ್ತವೆ, ಲೋಹದ ಪರಮಾಣುಗಳು ಸಿಡಿದು ಎದುರಿನ ಗಾಜಿನ ಮೇಲೆ ಕೂರುತ್ತವೆ. ಈ ಪ್ಲಾಸ್ಮಾದ ಎಲೆಕ್ಟ್ರಾನುಗಳ ತಾಪ ಹತ್ತಾರು ಸಾವಿರ ಡಿಗ್ರಿ ಇದ್ದರೂ ಅನಿಲ ಅಷ್ಟು ಕಾಯುವುದಿಲ್ಲ. ಅದಕ್ಕೇ ಇದನ್ನು ಕಡಿಮೆ ತಾಪದ ಪ್ಲಾಸ್ಮಾ ಎನ್ನುತ್ತಾರೆ.

ಕೆಲಸ ಸರಿಯಾಗಿ ನಡೆಯುತ್ತಿದ್ದರೆ ಚೇಂಬರಿನ ಕಿಂಡಿಯಲ್ಲಿ ಟಾರ್ಗೆಟ್ಟಿನ ಮೇಲೊಂದು ಬೆಳಕಿನ ಬಳೆ ಅಲುಗದೆ ಹೊಳೆಯುತ್ತಿರುತ್ತದೆ. ಒಮ್ಮೊಮ್ಮೆ ಆ ಬಳೆಯ ಅಂಚಿನಲ್ಲಿ ಚುಕ್ಕಿಯಷ್ಟು ಬಿಳಿ ಕಿಡಿ ಮಿಂಚಿ ಮಾಯವಾಗುತ್ತದೆ. ಅದೇ ಆರ್ಕ್. ಈ ಕಿಡಿ ಏಕೆ ಹುಟ್ಟುತ್ತದೆ, ಅದನ್ನು ಹೇಗೆ ಹಿಡಿಯುತ್ತಾರೆ ಎಂದು ತಿಳಿದಷ್ಟೂ ಈ ಕೆಲಸದವರ ಬಗ್ಗೆ ನನ್ನ ಗೌರವ ಹೆಚ್ಚಿದೆ.

ಬೆಳಗುವ ಬಳೆಗೂ ಈ ಕಿಡಿಗೂ ಇರುವ ವ್ಯತ್ಯಾಸ ಎಲೆಕ್ಟ್ರಾನುಗಳು ಲೋಹದಿಂದ ಹೊರಬರುವ ರೀತಿಯಲ್ಲಿದೆ. ಬಳೆಯಲ್ಲಿ ಅವು ಬಿಡಿಬಿಡಿಯಾಗಿ ಬರುತ್ತವೆ. ಹತ್ತಾರು ಅಯಾನುಗಳು ಬಡಿದರೆ ಒಂದೋ ಎರಡೋ ಎಲೆಕ್ಟ್ರಾನು ಹೊರಬಿದ್ದೀತು. ವಿದ್ಯುತ್ತು ಅಗಲವಾದ ಜಾಗದಲ್ಲಿ ಹರಡಿಕೊಂಡಿರುತ್ತದೆ. ಆರ್ಕ್‌ನಲ್ಲಿ ಅವು ಒಂದೇ ಬಿಂದುವಿನಿಂದ ಒಟ್ಟಾಗಿ ನುಗ್ಗುತ್ತವೆ. ತುಂಬಿದ ಕೆರೆಯ ಏರಿ ಒಂದು ಕಡೆ ಬಿರಿದರೆ ನೀರೆಲ್ಲ ಅಲ್ಲಿಗೇ ಹರಿದು, ಹರಿಯುತ್ತಲೇ ಬಿರುಕನ್ನು ದೊಡ್ಡದು ಮಾಡುವ ಹಾಗೆ. ಮೇಲ್ಮೈಯ ಯಾವುದೋ ಸಣ್ಣ ಮೊನೆಯಲ್ಲಿ ವಿದ್ಯುತ್ ಕ್ಷೇತ್ರ ತೀವ್ರವಾಗಿ, ಅಲ್ಲಿಂದ ಎಲೆಕ್ಟ್ರಾನುಗಳು ಹೊರಟು, ಮೊನೆ ಕಾದು ಆವಿಯಾಗಿ ಸಿಡಿಯುತ್ತದೆ. ಆ ಆವಿಯೇ ದಟ್ಟ ಪ್ಲಾಸ್ಮಾ ಆಗಿ ಇನ್ನಷ್ಟು ಎಲೆಕ್ಟ್ರಾನುಗಳಿಗೆ ದಾರಿ ಮಾಡುತ್ತದೆ. ನೂರಾರು ವೋಲ್ಟ್ ಇದ್ದದ್ದು ಧಡಕ್ಕನೆ 20-30 ವೋಲ್ಟಿಗೆ ಇಳಿಯುತ್ತದೆ, ಕರೆಂಟು ಏರುತ್ತದೆ. ವೆಲ್ಡಿಂಗ್ ಅಂಗಡಿಯ ಆರ್ಕ್ ಕೂಡ ಸರಿಸುಮಾರು ಇಷ್ಟೇ ವೋಲ್ಟಿನಲ್ಲಿ ಉರಿಯುತ್ತದೆ. ಆ ಬಿಂದುವಿನ ಅಳತೆ ಕೆಲವೇ ಮೈಕ್ರೊಮೀಟರ್. ಅಲ್ಲಿ ಕರಗಿದ ಲೋಹದ ಸೂಕ್ಷ್ಮ ಹನಿಗಳು ಸಿಡಿದು ಹೊಸ ಪದರದಲ್ಲಿ ಗಂಟಾಗಿ ಕೂರುತ್ತವೆ. ಗಂಟು ಉದುರಿದರೆ ಆ ಜಾಗದಲ್ಲಿ ತೂತು. ಗಾಜಾದರೆ ಕಲೆ, ಚಿಪ್ಪಾದರೆ ಕಸದ ಬುಟ್ಟಿ.

ಬರೀ ಲೋಹದ ಪದರ ಹಾಕುವಾಗ ಈ ಕಾಟ ಕಡಿಮೆ. ಅಲ್ಯೂಮಿನಿಯಮ್ ಟಾರ್ಗೆಟ್ ಇಟ್ಟು, ಆರ್ಗಾನ್ ಜೊತೆಗೆ ಆಕ್ಸಿಜನ್ ಬಿಟ್ಟು ಅಲ್ಯೂಮಿನಿಯಮ್ ಆಕ್ಸೈಡ್ ಪದರ ಹಾಕಲು ಹೊರಟಾಗಲೇ ಅದು ಹೆಚ್ಚುವುದು. ಬಳೆಯ ಕೆಳಗಿನ ಜಾಗ ಸದಾ ಸವೆಯುತ್ತಿರುವುದರಿಂದ ಸ್ವಚ್ಛವಾಗಿ ಉಳಿಯುತ್ತದೆ. ಅದರ ಅಂಚಿನಲ್ಲಿ ಸವೆತ ಕಡಿಮೆ, ಅಲ್ಲಿ ಆಕ್ಸೈಡ್ ಕೂರುತ್ತದೆ. ಆಕ್ಸೈಡ್ ವಿದ್ಯುತ್ತನ್ನು ಹರಿಯಗೊಡದು. ಧನ ಅಯಾನುಗಳು ಬಂದು ಬಿದ್ದಂತೆ ಅವುಗಳ ಆವೇಶ ಅದರ ಮೇಲೆ ಶೇಖರವಾಗುತ್ತದೆ. ಒಂದು ಮಿತಿ ಮೀರಿದ ಮೇಲೆ ಪದರ ಒಡೆದು ಕಿಡಿ ಹಾರುತ್ತದೆ. ಇಲ್ಲೊಂದು ಅಚ್ಚರಿಯ ಲೆಕ್ಕವಿದೆ. ಪದರ ದಪ್ಪವಿದ್ದರೆ ಒಡೆಯಲು ಹೆಚ್ಚು ವೋಲ್ಟ್ ಬೇಕು, ನಿಜ. ಆದರೆ ದಪ್ಪ ಪದರದಲ್ಲಿ ಅಷ್ಟೇ ಆವೇಶಕ್ಕೆ ವೋಲ್ಟು ಅಷ್ಟೇ ಬೇಗ ಏರುತ್ತದೆ. ಒಂದಕ್ಕೊಂದು ಸರಿಹೋಗಿ, ಒಡೆಯಲು ಬೇಕಾದ ಸಮಯ ದಪ್ಪದ ಮೇಲೆ ನಿಲ್ಲುವುದೇ ಇಲ್ಲ. ಅದನ್ನು ನಿರ್ಧರಿಸುವುದು ಬಂದು ಬೀಳುವ ಅಯಾನುಗಳ ದಟ್ಟಣೆ ಮತ್ತು ಆ ವಸ್ತುವಿನ ಗುಣ.

ಸಮಯ ಗೊತ್ತಾಯಿತು ಎಂದರೆ ಉಪಾಯವೂ ಸಿಕ್ಕಿತು. ಒಡೆಯುವ ಮೊದಲೇ ಆವೇಶವನ್ನು ಇಳಿಸಿಬಿಡುವುದು! 13.56 ಮೆಗಾಹರ್ಟ್ಸ್ ರೇಡಿಯೊ ಆವರ್ತನದ ವಿದ್ಯುತ್ತು ಬಳಸಿ ಇದನ್ನು ಮೊದಲಿಂದಲೂ ಮಾಡುತ್ತಿದ್ದರು. ಆದರೆ ಪದರ ನಿಧಾನಕ್ಕೆ ಬೆಳೆಯುತ್ತದೆ, ದೊಡ್ಡ ಯಂತ್ರಗಳಿಗೆ ದುಬಾರಿ. 1990ರ ದಶಕದಲ್ಲಿ ಇನ್ನೊಂದು ದಾರಿ ಬಲಗೊಂಡಿತು. ಜರ್ಮನಿಯ ಡ್ರೆಸ್ಡೆನ್ನಿನ ಫ್ರೌನ್‌ಹೋಫರ್ ಸಂಸ್ಥೆಯ ಶಿಲರ್ ಮತ್ತು ಸಂಗಡಿಗರು 1993ರಲ್ಲಿ ಪಲ್ಸ್ ಸ್ಪಟರಿಂಗ್ ಬಗ್ಗೆ ಪ್ರಕಟಿಸಿದ ಪ್ರಬಂಧ ಆ ದಾರಿಯ ಮುಖ್ಯ ಮೈಲಿಗಲ್ಲು. ಸೆಕೆಂಡಿಗೆ ಹತ್ತಾರು ಸಾವಿರದಿಂದ ಕೆಲವು ಲಕ್ಷ ಸಲ ಟಾರ್ಗೆಟ್ಟಿನ ಋಣ ವೋಲ್ಟನ್ನು ತೆಗೆದು, ಕ್ಷಣಕಾಲ ಸ್ವಲ್ಪ ಧನ ವೋಲ್ಟ್ ಕೊಡುತ್ತಾರೆ. ಅಷ್ಟರಲ್ಲೇ ಪ್ಲಾಸ್ಮಾದ ಎಲೆಕ್ಟ್ರಾನುಗಳು ಆಕ್ಸೈಡಿನ ಮೇಲೆ ಬಿದ್ದು ಶೇಖರವಾದ ಆವೇಶವನ್ನು ಅಳಿಸುತ್ತವೆ. ಎಲೆಕ್ಟ್ರಾನು ಅಯಾನಿಗಿಂತ ಅಷ್ಟು ಹಗುರ, ಅಷ್ಟು ಚುರುಕು. ಹಾಗಾಗಿ ಆವೇಶ ಇಳಿಸಲು ಸಣ್ಣ ಬಿಡುವು ಸಾಕು, ಮಿಕ್ಕ ಹೊತ್ತೆಲ್ಲ ಕೆಲಸಕ್ಕೆ ಸಿಗುತ್ತದೆ.

ಇಷ್ಟಾದರೂ ಕಿಡಿ ಪೂರ್ತಿ ನಿಲ್ಲದು. ಹುಟ್ಟಿದ್ದನ್ನು ಹಿಡಿಯುವ ಕೆಲಸ ವಿದ್ಯುತ್ ಪೂರೈಕೆಯ ಪೆಟ್ಟಿಗೆಯದು, ನನಗೆ ಅತಿ ಹೆಚ್ಚು ಮೆಚ್ಚುಗೆಯಾಗುವುದೂ ಇದೇ ಭಾಗ. ವೋಲ್ಟು ಕುಸಿದು ಕರೆಂಟು ಏರಿದ್ದನ್ನು ಅದು ಗುರುತಿಸಿ ಕೆಲವೇ ಮೈಕ್ರೊಸೆಕೆಂಡಿನಲ್ಲಿ ಸರಬರಾಜು ಕಡಿಯುತ್ತದೆ. ನಮ್ಮ 50 ಹರ್ಟ್ಸ್ ಲೈನಿನ ಮೇಲೆ ನಡೆಯುತ್ತಿದ್ದ ಹಳೆಯ ಸಲಕರಣೆಗಳು ಒಂದು ಅರ್ಧ ಆವರ್ತ ಮುಗಿಯಲು ಕಾದರೂ 10 ಮಿಲಿಸೆಕೆಂಡು ಹೋಯಿತು. 20 ಆಂಪಿಯರ್, 30 ವೋಲ್ಟ್ ಎಂದಿಟ್ಟುಕೊಂಡರೆ ಅಷ್ಟರಲ್ಲಿ ಕಿಡಿಗೆ ಸಿಗುವ ಶಕ್ತಿ 6 ಜೌಲ್. ಹಲವು ಮಿಲಿಗ್ರಾಂ ಅಲ್ಯೂಮಿನಿಯಮ್ ಕರಗಿಸಲು ಅದು ಸಾಕು. ಇಂದಿನ ಪೆಟ್ಟಿಗೆಗಳಲ್ಲಿ ಅದು ಮಿಲಿಜೌಲ್‌ಗಳ ಮಾತು. ಆಗ ಕೇಬಲ್ಲಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಹತ್ತು ಮೀಟರ್ ಜೋಡಿ ತಂತಿಯಲ್ಲಿ 10 ಮೈಕ್ರೊಹೆನ್ರಿ ಪ್ರೇರಕತೆ ಇದ್ದರೆ, 20 ಆಂಪಿಯರ್ ಹರಿಯುವಾಗ ಅದರಲ್ಲೇ 2 ಮಿಲಿಜೌಲ್ ಕೂತಿರುತ್ತದೆ. ಸ್ವಿಚ್ಚು ಎಷ್ಟೇ ಬೇಗ ಕಡಿದರೂ ಇದು ಕಿಡಿಯ ಪಾಲೇ. ಅದಕ್ಕೇ ಬಲ್ಲವರು ಪೆಟ್ಟಿಗೆಯನ್ನು ಚೇಂಬರಿನ ಪಕ್ಕಕ್ಕೇ ತಂದಿಡುತ್ತಾರೆ, ಹೋಗುವ ಬರುವ ತಂತಿಗಳನ್ನು ಒಂದಕ್ಕೊಂದು ಒತ್ತಿ ಸಾಗಿಸುತ್ತಾರೆ. ಕಡಿದ ಮೇಲೆ ಮತ್ತೆ ಯಾವಾಗ ಕೊಡಬೇಕು ಎಂಬುದೂ ಸೂಕ್ಷ್ಮವೇ. ಬೇಗ ಕೊಟ್ಟರೆ ಇನ್ನೂ ಆರದ ಬಿಂದುವಿನಲ್ಲೇ ಕಿಡಿ ಹೊತ್ತಿಕೊಳ್ಳುತ್ತದೆ, ತಡಮಾಡಿದರೆ ಆಕ್ಸಿಜನ್ ಟಾರ್ಗೆಟ್ಟನ್ನು ಇನ್ನಷ್ಟು ಆವರಿಸುತ್ತದೆ.

ಪೆಟ್ಟಿಗೆ ಮಾಡಲಾಗದ್ದನ್ನು ಕೈ ಮಾಡಬೇಕು. ಹೊಸ ಟಾರ್ಗೆಟ್ ಹಾಕಿದ ಕೂಡಲೇ ಪೂರ್ತಿ ಶಕ್ತಿ ಕೊಡುವಂತಿಲ್ಲ. ಮುಂದೆ ಶಟರ್ ಮುಚ್ಚಿ, ಬರೀ ಆರ್ಗಾನ್‌ನಲ್ಲಿ, ಮೆಲ್ಲಗೆ ಶಕ್ತಿ ಏರಿಸುತ್ತ ಹೋಗಬೇಕು. ಮೇಲ್ಮೈಯ ಧೂಳು, ಜಿಡ್ಡು, ಹಳೆಯ ಆಕ್ಸೈಡ್ ಸಣ್ಣ ಸಣ್ಣ ಕಿಡಿಗಳಲ್ಲಿ ಸುಟ್ಟುಹೋಗುತ್ತವೆ. ಪೆಟ್ಟಿಗೆಯ ಮೇಲಿನ ಕಿಡಿ ಎಣಿಕೆ ಇಳಿಯುತ್ತ ಬಂದು ನಿಂತ ಮೇಲೆಯೇ ಶಟರ್ ತೆರೆಯುವುದು. ಗೋಡೆಯ ಕವಚಗಳ ಮೇಲೆ ಕೂತ ಪದರ ಹಕ್ಕಳೆಯಾಗಿ ಉದುರುವ ಮೊದಲೇ ಕವಚ ಬಿಚ್ಚಿ ಮರಳಿನ ಹೊಡೆತದಲ್ಲಿ ಶುಚಿಗೊಳಿಸಬೇಕು. ಚೂಪಾದ ಅಂಚುಗಳನ್ನು ಉಜ್ಜಿ ಗುಂಡಗೆ ಮಾಡಬೇಕು.

ಟಾರ್ಗೆಟ್ಟಿನ ಸುತ್ತಲಿನ ಲೋಹದ ಕವಚಕ್ಕೂ ಟಾರ್ಗೆಟ್ಟಿಗೂ ನಡುವೆ ಎರಡು ಮೂರು ಮಿಲಿಮೀಟರ್ ಮಾತ್ರ ಸಂದು ಬಿಡುತ್ತಾರೆ. ಐನೂರು ವೋಲ್ಟ್ ವ್ಯತ್ಯಾಸವಿರುವ ಎರಡು ಲೋಹಗಳು ಇಷ್ಟು ಹತ್ತಿರವಿದ್ದರೆ ಕಿಡಿ ಹಾರದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಇಷ್ಟು ವಿರಳ ಅನಿಲದಲ್ಲಿ ಎಲೆಕ್ಟ್ರಾನು ಅಷ್ಟು ಸಣ್ಣ ಸಂದನ್ನು ಒಂದು ಪರಮಾಣುವಿಗೂ ತಾಗದೆ ದಾಟಿಬಿಡುತ್ತದೆ. ತಾಗದಿದ್ದರೆ ಹೊಸ ಅಯಾನಿಲ್ಲ, ಅಯಾನಿಲ್ಲದೆ ಪ್ಲಾಸ್ಮಾ ಹೊತ್ತುವುದಿಲ್ಲ. ಒತ್ತಡ ಮತ್ತು ಅಂತರದ ಗುಣಲಬ್ಧವೇ ಇದನ್ನು ತೀರ್ಮಾನಿಸುತ್ತದೆ ಎಂದು ಫ್ರೀಡ್ರಿಷ್ ಪಾಶೆನ್ 1889ರಲ್ಲೇ ತೋರಿಸಿದ್ದ. ಆ ಸಂದಿನಲ್ಲಿ ಒಂದು ಹಕ್ಕಳೆ ಸಿಕ್ಕಿಕೊಂಡರೆ ಮಾತ್ರ ಎಲ್ಲ ಲೆಕ್ಕವೂ ಕೆಟ್ಟಿತು.

ಚೇಂಬರ್ ತೆರೆದ ಮೇಲೆ ಟಾರ್ಗೆಟ್ಟನ್ನು ಓರೆ ಬೆಳಕಿಗೆ ಹಿಡಿದು ಓದುವುದು ಅನುಭವಿಗಳ ಕೆಲಸ. ಕಿಡಿ ಒಂದೇ ಕಡೆ ನಿಲ್ಲುವುದಿಲ್ಲ, ಒಂದು ಬಿಂದು ಆರುವಾಗ ಪಕ್ಕದಲ್ಲಿ ಇನ್ನೊಂದು ಹೊತ್ತಿಕೊಂಡು ಕವಲೊಡೆಯುವ ಗೆರೆಯಾಗಿ ಗುರುತು ಉಳಿಯುತ್ತದೆ. ಆಯಸ್ಕಾಂತದ ಕ್ಷೇತ್ರದಲ್ಲಿ ಅದು ಪಠ್ಯಪುಸ್ತಕದ ನಿಯಮ ಹೇಳುವ ದಿಕ್ಕಿಗೆ ಸರಿಯಾಗಿ ವಿರುದ್ಧ ದಿಕ್ಕಿಗೆ ಓಡುತ್ತದೆ. ಈ ವಿಚಿತ್ರವನ್ನು ಯೋಹಾನೆಸ್ ಸ್ಟಾರ್ಕ್ 1903ರಲ್ಲೇ ಗಮನಿಸಿದ್ದ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿದ್ದ ಆಂಡ್ರೆ ಆಂಡರ್ಸ್ ಅಂಥವರು ಈ ಬಿಂದುಗಳ ವರ್ತನೆಗೇ ವರ್ಷಗಟ್ಟಲೆ ದುಡಿದಿದ್ದಾರೆ. ಇದೇ ಆರ್ಕನ್ನು ಬೇಕೆಂದೇ ಉರಿಸಿ ಕತ್ತರಿಸುವ ಉಪಕರಣಗಳಿಗೆ ಬಂಗಾರದ ಬಣ್ಣದ ಟೈಟಾನಿಯಮ್ ನೈಟ್ರೈಡ್ ಲೇಪ ಹಾಕುವವರೂ ಇದ್ದಾರೆ.

ಕಿಡಿ ಹಿಡಿಯುವ ವಿದ್ಯೆಯ ಈಗಿನ ಕಠಿಣ ಪರೀಕ್ಷೆ ಇನ್ನೊಂದು ಕಡೆಯಿಂದ ಬಂದಿದೆ. 1999ರಲ್ಲಿ ಸ್ವೀಡನ್ನಿನ ಲಿಂಶೋಪಿಂಗ್‌ನಿಂದ ಕುಜ್ನೆಟ್ಸೊವ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನದಲ್ಲಿ ಟಾರ್ಗೆಟ್ಟಿನ ಪ್ರತಿ ಚದರ ಸೆಂಟಿಮೀಟರಿಗೆ ಕ್ಷಣಕಾಲ ಕಿಲೊವಾಟ್‌ಗಟ್ಟಲೆ ಶಕ್ತಿ ಕೊಡುತ್ತಾರೆ. ಪದರ ಇನ್ನಷ್ಟು ದಟ್ಟವಾಗಿ ಬೆಳೆಯುತ್ತದೆ. ಆದರೆ ಪ್ರತಿ ಪಲ್ಸಿನಲ್ಲೂ ಕರೆಂಟು ತಾನಾಗಿಯೇ ನೂರಾರು ಆಂಪಿಯರಿಗೆ ಏರುತ್ತದೆ. ಕರೆಂಟು ಏರಿತು ಎಂದಷ್ಟೇ ನೋಡಿ ಕಡಿಯುವ ಪೆಟ್ಟಿಗೆ ಇಲ್ಲಿ ಒಳ್ಳೆಯ ಪಲ್ಸನ್ನೂ ಕಡಿದುಬಿಡುತ್ತದೆ. ಏರುವ ವೇಗ, ಅದೇ ಹೊತ್ತಿಗೆ ವೋಲ್ಟು ಇರುವ ಮಟ್ಟ, ಹಿಂದಿನ ಪಲ್ಸಿನಲ್ಲಿ ಅದು ಸಾಗಿದ ರೀತಿ, ಇವನ್ನೆಲ್ಲ ಪಲ್ಸು ಮುಗಿಯುವುದರೊಳಗೆ ಹೋಲಿಸಿ ನೋಡಬೇಕು.